ಸ್ಟೆಪ್ನಿ ಒಂದೇ ಸಾಲದು: ಹಳೇ ವ್ಯಾನಿನ ಡಬ್ಬಿಯಲ್ಲಿ ಏನಿರ್ತಿತ್ತು?

ಮುಂಬೈಯಲ್ಲಿದ್ರೂ ದಿಲ್ಲಿಯಲ್ಲಿದ್ರೂ, ಬದಲಿ ಚಕ್ರಕ್ಕೆ ನಾವೆಲ್ಲ ಸ್ಟೆಪ್ನಿ ಅಂತಲೇ ಹೇಳ್ತೀವಿ. ಅದು ಮೂಲದಲ್ಲಿ ಒಂದು ಬೀದಿಯ ಹೆಸರು. ವೇಲ್ಸ್‌ನ ಲನೆಲಿ ಊರಿನ ಸ್ಟೆಪ್ನಿ ಸ್ಟ್ರೀಟಿನಲ್ಲಿ ಡೇವಿಸ್ ಸಹೋದರರು 1904ರಲ್ಲಿ ಬದಲಿ ಚಕ್ರ ಮಾಡಿ ಮಾರೋಕೆ ಶುರು ಮಾಡಿದ್ರು. ಅದಕ್ಕೂ ಮುಂಚೆ ಕಾರಿನ ಜೊತೆ ಬದಲಿ ಚಕ್ರ ಬರೋ ರೂಢಿ ಇರಲಿಲ್ಲ. ಪಂಕ್ಚರ್ ಆದ್ರೆ ರಸ್ತೆ ಬದಿಯಲ್ಲೇ ಟೈರ್ ಬಿಚ್ಚಿ ಪ್ಯಾಚ್ ಹಾಕಬೇಕಿತ್ತು.

ಚಕ್ರದ ಚಿಂತೆ ಹಾಗೆ ತೀರಿತು. ಉಳಿದ ಭಾಗಗಳ ಕಥೆ ಏನು? ಅದಕ್ಕೆ ಒಂದು ಗಾಡಿಯನ್ನ ಹಿಡ್ಕೊಳ್ಳೋಣ: 1950ರಲ್ಲಿ ಉತ್ಪಾದನೆ ಶುರುವಾದ ಜರ್ಮನಿಯ ಫೋಕ್ಸ್‌ವ್ಯಾಗನ್ ಟೈಪ್ 2 ವ್ಯಾನ್. ಅರವತ್ತು, ಎಪ್ಪತ್ತರ ದಶಕದಲ್ಲಿ ಯುರೋಪಿನ ಹುಡುಗರು ಹುಡುಗಿಯರು ಇದರಲ್ಲಿ ಇಸ್ತಾಂಬುಲ್, ಟೆಹರಾನ್, ಕಾಬೂಲ್, ಲಾಹೋರ್ ದಾಟಿ ನಮ್ಮ ದಿಲ್ಲಿಗೆ, ಗೋವಾಕ್ಕೆ, ಕಠ್ಮಂಡುವಿಗೆ ಬರ್ತಿದ್ರು. ಹೂವಿನ ಚಿತ್ರ ಬರೆದ ವ್ಯಾನುಗಳ ಫೋಟೋ ನೀವೂ ನೋಡಿರ್ತೀರಿ. ಸೀಟಿನ ಕೆಳಗಿದ್ದ ಡಬ್ಬಿಯ ಫೋಟೋ ಯಾರೂ ತೆಗೀಲಿಲ್ಲ. ನನಗೆ ಕುತೂಹಲ ಇರೋದು ಅದರ ಬಗ್ಗೆ.

ಮೊದಲ ವಸ್ತು ಫ್ಯಾನ್ ಬೆಲ್ಟ್. ಈ ಎಂಜಿನ್ನಿಗೆ ನೀರೂ ಇಲ್ಲ, ರೇಡಿಯೇಟರೂ ಇಲ್ಲ. ಒಂದು ಫ್ಯಾನು ಗಾಳಿ ಊದಿ ಸಿಲಿಂಡರುಗಳನ್ನ ತಣ್ಣಗಿಡಬೇಕು. 1600 ಸಿಸಿ ಮತ್ತು ಅದಕ್ಕಿಂತ ಹಳೇ ಎಂಜಿನ್ನುಗಳಲ್ಲಿ ಆ ಫ್ಯಾನು ಕೂತಿರೋದು ಡೈನಮೊ ಶಾಫ್ಟಿನ ಮೇಲೆ, ಎರಡನ್ನೂ ತಿರುಗಿಸೋದು ಒಂದೇ ಬೆಲ್ಟು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. ಬೆಲ್ಟು ಕಿತ್ತುಹೋದ್ರೆ ಡ್ಯಾಶ್‌ಬೋರ್ಡಿನಲ್ಲಿ ಹತ್ತೋದು ಚಾರ್ಜಿಂಗಿನ ಕೆಂಪು ದೀಪ. ಬ್ಯಾಟರಿ ತಾನೇ, ಮುಂದಿನ ಊರಲ್ಲಿ ನೋಡೋಣ ಅಂತ ಹೋದ್ರೆ ಎಂಜಿನ್ನೇ ಸುಟ್ಟುಹೋಗುತ್ತೆ. ಗೊತ್ತಿದ್ದವರು ತಕ್ಷಣ ನಿಲ್ಲಿಸ್ತಿದ್ರು. ಡೈನಮೊ ಪುಲ್ಲಿಯ ಕಚ್ಚಿಗೆ ಸ್ಕ್ರೂಡ್ರೈವರ್ ಕೊಟ್ಟು ಹಿಡಿದು, 21 ಮಿ.ಮೀ. ಸ್ಪ್ಯಾನರಿನಿಂದ ನಟ್ಟು ಬಿಚ್ಚಿ, ಪುಲ್ಲಿಯನ್ನ ಎರಡು ಹೋಳು ಮಾಡಿ ಹೊಸ ಬೆಲ್ಟು ಹಾಕೋದು. ಬಿಗಿ ಮಾಡೋಕೆ ಹೋಳುಗಳ ನಡುವಿನ ತೆಳು ವಾಷರುಗಳನ್ನ ತೆಗೆಯಬೇಕು. ತೆಗೆದದ್ದನ್ನ ಬಿಸಾಡೋ ಹಾಗಿಲ್ಲ, ಹೊರಗಡೆ ಅದೇ ನಟ್ಟಿನ ಅಡಿಯಲ್ಲಿ ಸೇರಿಸಬೇಕು. ಬಿಡಿಭಾಗ ಇಡೋ ಜಾಗವನ್ನ ಪುಲ್ಲಿಯಲ್ಲೇ ಮಾಡಿಟ್ಟಿದ್ದಾರೆ ನೋಡಿ!

ಇನ್ನೊಂದು ಕಂಡೆನ್ಸರ್. ಡಿಸ್ಟ್ರಿಬ್ಯೂಟರಿಗೆ ಅಂಟಿಕೊಂಡಿರೋ ಬೆರಳಿನಷ್ಟು ಡಬ್ಬಿ, ಮುನ್ಸೂಚನೆ ಕೊಡದೇ ಸಾಯುತ್ತೆ. ಜೊತೆಗೆ ಪಾಯಿಂಟ್ಸ್, ಪ್ಲಗ್, ಫ್ಯೂಸ್. ಎಂಜಿನ್ ಹಿಂದೆ, ಪೆಡಲ್ ಮುಂದೆ ಇರೋದ್ರಿಂದ ಉದ್ದಕ್ಕೂ ಹೋಗೋ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್. ಪಾಯಿಂಟ್ ಗ್ಯಾಪ್ 0.4 ಮಿ.ಮೀ., ವಾಲ್ವ್ ಗ್ಯಾಪ್ 0.15 ಮಿ.ಮೀ. ಅಳೆಯೋಕೆ ಒಂದು ಫೀಲರ್ ಗೇಜ್. ಗೇರ್‌ಬಾಕ್ಸ್ ಹೊತ್ತು ತಿರುಗೋಕಾಗಲ್ಲ. ಹಠಾತ್ತಾಗಿ ಕೆಡಬೇಕು, ರಸ್ತೆ ಬದಿಯಲ್ಲಿ ಹಾಕೋ ಹಾಗಿರಬೇಕು, ಕೈಯಲ್ಲಿ ಹಿಡಿಯುವಷ್ಟಿರಬೇಕು. ಅಂಥದ್ದಕ್ಕೆ ಮಾತ್ರ ಡಬ್ಬಿಯಲ್ಲಿ ಜಾಗ.

ಯುರೋಪಿನಲ್ಲಿ ಪೇಚು ಕಡಿಮೆ. ಬೀಟಲ್ ಕಾರಿಗೂ ಇದೇ ಜಾತಿಯ ಎಂಜಿನ್, ಭಾಗಗಳು ಊರೂರಲ್ಲೂ ಸಿಗ್ತಿದ್ವು. ವಾಘಾ ದಾಟಿದ ಮೇಲೆ ಕಥೆ ಬೇರೆ. ಆಗ ಭಾರತದಲ್ಲಿ ಇದ್ದದ್ದು ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್. ಫೋಕ್ಸ್‌ವ್ಯಾಗನ್ ಇಲ್ಲಿ ತಯಾರಾಗ್ತಿರಲಿಲ್ಲ, ಆಮದಿಗೆ ಬಿಗಿ ಕಟ್ಟುಪಾಡು. ಪ್ಲಗ್ ಆದ್ರೂ ಹುಡುಕಬಹುದಿತ್ತು, ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಕಂಪನಿ ಬಾಷ್ ಸಹಯೋಗದಲ್ಲಿ ಪ್ಲಗ್ ಮಾಡ್ತಿತ್ತು. ಅದರ ಮೇಲೆ ಕಸ್ಟಮ್ಸ್. ಈ ವ್ಯಾನುಗಳು ಒಳಗೆ ಬರ್ತಿದ್ದದ್ದು ಕಾರ್ನೆ ಅನ್ನೋ ದಾಖಲೆಯ ಮೇಲೆ: ಗಾಡಿ ವಾಪಸ್ ಹೊರಗೆ ಹೋಗಲೇಬೇಕು, ಹೋಗದಿದ್ರೆ ಸುಂಕ ಕಟ್ಟಬೇಕು, ಅದಕ್ಕೆ ಅವರ ದೇಶದ ಮೋಟಾರ್ ಕ್ಲಬ್ ಜಾಮೀನು. ಕೆಟ್ಟ ವ್ಯಾನನ್ನ ರಸ್ತೆಯಲ್ಲಿ ಬಿಟ್ಟು ರೈಲು ಹತ್ತಿದ್ರೆ ಮನೆಗೆ ಸಾಲ ಬರ್ತಿತ್ತು. ಸಣ್ಣದೊಂದು ಕಂಡೆನ್ಸರಿನ ಬೆಲೆ ಏನು ಅಂತ ಈಗ ಲೆಕ್ಕ ಹಾಕಿ.

ಡಬ್ಬಿ ಇದ್ರೆ ಸಾಲದು, ಕೈಗೆ ವಿದ್ಯೆ ಬೇಕಲ್ಲ. 1969ರಲ್ಲಿ ಅಮೆರಿಕದ ಜಾನ್ ಮ್ಯೂರ್ ಅನ್ನೋ ಎಂಜಿನಿಯರ್ (ಕಾಡು ಉಳಿಸಿದ ಜಾನ್ ಮ್ಯೂರ್ ಬೇರೆ) ಫೋಕ್ಸ್‌ವ್ಯಾಗನ್ ರಿಪೇರಿ ಬಗ್ಗೆ ಒಂದು ಪುಸ್ತಕ ಬರೆದು ತಾನೇ ಪ್ರಕಟಿಸಿದ. ಏನೂ ತಿಳಿಯದವರಿಗೆ ಅಂತ ಹೆಸರಲ್ಲೇ ಹೇಳಿದ್ದ. ಸ್ಪೈರಲ್ ಬೈಂಡಿಂಗ್, ಎಂಜಿನ್ ಪಕ್ಕದಲ್ಲಿ ತೆರೆದಿಟ್ರೆ ಮುಚ್ಚಿಕೊಳ್ಳಲ್ಲ. ಹಿಪ್ಪಿಗಳ ಸ್ವಾತಂತ್ರ್ಯದ ಬಗ್ಗೆ ಬಹಳ ಜನ ಬರೀತಾರೆ. ಅದರಲ್ಲಿ ಅರ್ಧ ಪಾಲು ಈ ಥರದ ಪುಸ್ತಕಕ್ಕೆ ಸೇರಬೇಕು ಅಂತ ನನ್ನ ಲೆಕ್ಕ.

1979ರಲ್ಲಿ ಇರಾನಿನಲ್ಲಿ ಕ್ರಾಂತಿ, ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ. ದಾರಿ ಮುಚ್ಚಿತು. ಗಾಡಿಯೂ ಅಷ್ಟರಲ್ಲಿ ಬದಲಾಗಿತ್ತು: 1975ರ ಅಮೆರಿಕನ್ ಮಾಡೆಲ್ಲಿಗೆ ಎಲೆಕ್ಟ್ರಾನಿಕ್ ಫ್ಯೂಯೆಲ್ ಇಂಜೆಕ್ಷನ್ ಬಂತು. ಅದು ಸ್ಟಾರ್ಟಿಂಗಿಗೂ ಹೊಗೆಗೂ ಒಳ್ಳೇದೇ. ಆದ್ರೆ ಅದರ ಕಂಟ್ರೋಲ್ ಯೂನಿಟ್ಟನ್ನ ಫೀಲರ್ ಗೇಜ್ ಹಿಡಿದು ಸರಿ ಮಾಡೋಕಾಗಲ್ಲ. ಎಷ್ಟೋ ಮಾಲೀಕರು ಆಮೇಲೆ ಕೈಯಿಂದ ದುಡ್ಡು ಹಾಕಿ ಇಂಜೆಕ್ಷನ್ ಕಿತ್ತುಹಾಕಿ, ಕಾರ್ಬುರೇಟರ್ ಕೂರಿಸ್ಕೊಂಡ್ರು.