ಪುಟ್ಟ ಬೀಸುವ ಕಲ್ಲು, ಪುಟ್ಟ ಒರಳು: ಚನ್ನಪಟ್ಟಣದ ಅಡುಗೆ ಆಟದ ಸಾಮಾನು

ಅಡುಗೆ ಆಟದ ಮರದ ಸೆಟ್ಟು ನೆನಪಿದೆಯಾ? ಬೀಸುವ ಕಲ್ಲು, ಒರಳು, ಒನಕೆ, ಕಡಗೋಲು, ಲಟ್ಟಣಿಗೆ, ಬಿಂದಿಗೆ. ಎಲ್ಲವೂ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು. ಜಾತ್ರೆಯಿಂದಲೋ, ಬೆಂಗಳೂರು–ಮೈಸೂರು ದಾರಿಯಲ್ಲಿ ಬಸ್ಸು ನಿಂತಾಗಲೋ ಮನೆಯವರು ಕೊಂಡು ತರುತ್ತಿದ್ದರು. ಗೊಂಬೆಗೆ ಮಲಗಲು ತೊಟ್ಟಿಲೂ ಬರುತ್ತಿತ್ತು.

ಆ ಸೆಟ್ಟನ್ನು ಹರಡಿ ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಹೆಚ್ಚಿನವೆಲ್ಲ ದುಂಡಗಿವೆ. ಚನ್ನಪಟ್ಟಣದ ಕಸುಬು ಮರವನ್ನು ತಿರುಗಿಸಿ ಕಡೆಯುವ ಕಸುಬು. ತಿರುಗುವ ಮರದಿಂದ ದುಂಡನೆಯದೇ ಸಲೀಸಾಗಿ ಹುಟ್ಟುತ್ತದೆ. ನಮ್ಮ ಅಜ್ಜಿಯರ ಅಡುಗೆಮನೆಯೂ ದುಂಡನೆಯ ವಸ್ತುಗಳಿಂದಲೇ ತುಂಬಿತ್ತು. ಕುರ್ಚಿ, ಬೀರು ಎಷ್ಟು ಮನೆಗಳಲ್ಲಿದ್ದವು ಹೇಳಿ!

ಆಟಿಕೆಗೆ ಬಳಸುತ್ತಿದ್ದದ್ದು ಹಾಲೆ ಮರ. ಆಲದ ಮರ ಅಲ್ಲ; ಇದರ ಕೊಂಬೆ ಮುರಿದರೆ ಹಾಲು ಒಸರುತ್ತದೆ, ಒಳಗಿನ ತಿರುಳು ಬೆಳ್ಳಗೆ, ಮೃದು. ಹಸಿ ಮರವನ್ನು ತಿಂಗಳುಗಟ್ಟಲೆ ಒಣಗಿಸಿ, ತುಂಡು ಮಾಡಿ, ಲೇತಿಗೆ ಸಿಕ್ಕಿಸುತ್ತಾರೆ. ಹಿಂದೆ ಬಿಲ್ಲಿನಂಥ ಕೋಲನ್ನು ಕೈಯಲ್ಲಿ ಎಳೆದು ತಿರುಗಿಸುತ್ತಿದ್ದರು, ಈಗ ಕರೆಂಟಿನ ಮೋಟಾರು. ಉಳಿಯಿಂದ ಆಕಾರ ಬಂದ ಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಕುಂಚವೂ ಬೇಡ, ಒಲೆಯೂ ಬೇಡ. ಕೊನೆಗೆ ತಾಳೆ ಗರಿ ಒತ್ತಿ ಹಿಡಿದರೆ ಹೊಳಪು. ಮಗು ಬಾಯಿಗಿಟ್ಟುಕೊಂಡರೂ ಅಮ್ಮಂದಿರು ಗಾಬರಿಯಾಗುತ್ತಿರಲಿಲ್ಲ. ಅರಿಸಿನದಂಥ ಗಿಡಮೂಲಿಕೆ ಬಣ್ಣ ಬಳಸಿದ್ದಲ್ಲಿ ಆ ನಂಬಿಕೆ ಸುಳ್ಳೂ ಅಲ್ಲ.

ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕಸುಬುದಾರರನ್ನು ಕರೆಸಿದ ಎಂಬ ಮಾತು ಊರಲ್ಲಿ ಎಲ್ಲರ ಬಾಯಲ್ಲಿದೆ. ಮುಂದೆ ಬಾವಾಸ್ ಮಿಯಾನ್ ಈ ಕೆಲಸವನ್ನು ತಿದ್ದಿ ಬೆಳೆಸಿದರೆಂದು ಕಸುಬುದಾರರು ಇಂದಿಗೂ ನೆನೆಯುತ್ತಾರೆ. 2005-06ರಲ್ಲಿ ಚನ್ನಪಟ್ಟಣದ ಆಟಿಕೆಗೆ ಜಿಐ ಗುರುತು ಸಿಕ್ಕಿತು.

ಗುರುತು ಸಿಕ್ಕರೂ ಗಿರಾಕಿ ಬರಬೇಕಲ್ಲ. ಅಗ್ಗದ ಪ್ಲಾಸ್ಟಿಕ್ ಆಟಿಕೆ ಮೊದಲೇ ಪೆಟ್ಟು ಕೊಟ್ಟಿತ್ತು. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಊರನ್ನು ಬಳಸಿಕೊಂಡು ಹೋಯಿತು. ಕಾರು ನಿಲ್ಲಿಸಿ ಮಕ್ಕಳಿಗೊಂದು ಗಿಲಕಿ ಕೊಳ್ಳುತ್ತಿದ್ದವರು ಈಗ ನಿಲ್ಲದೆ ಓಡುತ್ತಾರೆ. ರಸ್ತೆಬದಿಯ ವ್ಯಾಪಾರ ನಂಬಿದ್ದ ಅಂಗಡಿಯವರಿಗೆ ಇದು ದೊಡ್ಡ ಹೊಡೆತ.

ನಮ್ಮ ಊರುಗಳಲ್ಲಿ ಮಿಕ್ಸಿ ಬಂದು ಒರಳು ಹಿತ್ತಿಲು ಸೇರಿದೆ, ಬೀಸುವ ಕಲ್ಲು ಎಷ್ಟೋ ಮನೆಗಳಲ್ಲಿ ಇಲ್ಲವೇ ಇಲ್ಲ. ಹಳೇ ರಸ್ತೆಗೆ ಇಳಿದರೆ ಆಟಿಕೆ ಅಂಗಡಿಗಳು ಈಗಲೂ ಸಿಗುತ್ತವೆ. ಅಡುಗೆ ಸೆಟ್ಟು ಇದೆಯಾ ಎಂದು ಕೇಳಿ ನೋಡಿ.