ಬುದ್ಧಿ ಅಳೆಯುವ ಸೇರು ಯಾವ ಊರಿನದ್ದು? | ಊರಿನ ಚರಿತ್ರೆ, ಕಂತು 23

ಸೈಕಾಲಜಿ ಎಂ.ಎಸ್ಸಿ.ಗೆ ಸೇರಿದ ಮಕ್ಕಳು ಸ್ಟ್ಯಾಟಿಸ್ಟಿಕ್ಸ್ ಪೇಪರ್ ನೋಡಿದ ಕೂಡಲೇ "ಇದೆಂತ ಮಾರಾಯ್ರೆ, ಮನಸ್ಸಿಗೂ ಲೆಕ್ಕಕ್ಕೂ ಏನು ಸಂಬಂಧ?" ಅಂತ ಕೇಳ್ತಾರೆ. ನಮ್ಮ ಮುಂಡಾಜೆಗೆ ಹತ್ತಿರದ ಉಜಿರೆ ಎಸ್‌ಡಿಎಂ ಕಾಲೇಜಿನಲ್ಲಿ ಮನಃಶಾಸ್ತ್ರ, ಸಂಖ್ಯಾಶಾಸ್ತ್ರ ಎರಡಕ್ಕೂ ಸ್ನಾತಕೋತ್ತರ ವಿಭಾಗ ಉಂಟು. ಈ ಎರಡು ವಿದ್ಯೆಗಳು ಕನ್ನಡ ನಾಡಿನಲ್ಲಿ ಹೇಗೆ ಕೂಡಿಕೊಂಡವು ಅನ್ನುವುದೇ ಈ ಸಲದ ಕಥೆ.

ಶುರುವಾದದ್ದು ಒಂದು ಹಳ್ಳಿಶಾಲೆಯಲ್ಲಿ. ಸೈನ್ಯದ ಕೆಲಸ ಬಿಟ್ಟು ಮನಃಶಾಸ್ತ್ರಕ್ಕೆ ಬಂದ ಚಾರ್ಲ್ಸ್ ಸ್ಪಿಯರ್‌ಮನ್, ಇಂಗ್ಲೆಂಡಿನ ಹಳ್ಳಿಯೊಂದರ 24 ಮಕ್ಕಳನ್ನು ಪರೀಕ್ಷಿಸಿದರು. ಸ್ವರದ ಏರಿಳಿತ, ಬೆಳಕಿನ ಹೆಚ್ಚುಕಮ್ಮಿ, ತೂಕದ ವ್ಯತ್ಯಾಸ ಎಷ್ಟು ಗುರುತಿಸ್ತಾರೆ ಅಂತ ನೋಡಿ, ಅದನ್ನು ಮಕ್ಕಳ ಜಾಣತನದ ಬಗ್ಗೆ ಇದ್ದ ಅಭಿಪ್ರಾಯದ ಜೊತೆ ಹೋಲಿಸಿದರು. ಒಂದರಲ್ಲಿ ಮುಂದಿರುವವರು ಉಳಿದದ್ದರಲ್ಲೂ ಮುಂದಿರುತ್ತಾರೆ ಅನ್ನುವುದು ಅವರಿಗೆ ಕಂಡಿತು. ಇದರ ಹಿಂದೆ ಒಂದು ಸಾಮಾನ್ಯ ಶಕ್ತಿ ಉಂಟು ಅಂತ 1904ರಲ್ಲಿ ಬರೆದರು. ಫ್ಯಾಕ್ಟರ್ ಅನಾಲಿಸಿಸ್ ಅನ್ನುವ ಲೆಕ್ಕಕ್ಕೆ ಬುನಾದಿ ಬಿದ್ದದ್ದು ಅಲ್ಲಿ.

ಮುಂದೆ ಲಂಡನ್ನಿನಲ್ಲಿ ಪ್ರೊಫೆಸರ್ ಆದ ಇದೇ ಸ್ಪಿಯರ್‌ಮನ್ ಹತ್ತಿರ ಕಲಿತವರು ನಮ್ಮ ಎಂ.ವಿ. ಗೋಪಾಲಸ್ವಾಮಿ. ಹೌದು, 1935ರಲ್ಲಿ ಮೈಸೂರಿನ ಮನೆಯಿಂದಲೇ 'ಆಕಾಶವಾಣಿ' ಶುರು ಮಾಡಿದವರು. ರೇಡಿಯೋದ ಹೆಸರಿನಲ್ಲಿ ಎಲ್ಲರೂ ಅವರನ್ನು ನೆನೆಯುತ್ತಾರೆ. ಆದರೆ ಅವರ ನಿಜವಾದ ಕಸುಬು ಮನಃಶಾಸ್ತ್ರ. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಶುರುವಾದ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದವರು ಅವರು. ದೇಶದ ಮೊದಲ ಕೆಲವೇ ವಿಭಾಗಗಳಲ್ಲಿ ಅದೂ ಒಂದು.

ಇನ್ನೊಂದು ದಾರಿ ಮುಂಬಯಿ ಪ್ರಾಂತ್ಯದ್ದು. ಧಾರವಾಡ ಕಡೆಯ ಕನ್ನಡ ಜಿಲ್ಲೆಗಳು ಆಗ ಆ ಪ್ರಾಂತ್ಯದಲ್ಲಿದ್ದವು. ಫ್ರಾನ್ಸಿನ ಬಿನೆ 1905ರಲ್ಲಿ ಮಾಡಿದ ಬುದ್ಧಿ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗಾಗಿ ತಿದ್ದಿ 1934ರಲ್ಲಿ ಪ್ರಕಟಿಸಿದರು. ಬರೀ ಅನುವಾದ ಸಾಲುವುದಿಲ್ಲ. ಯಾವ ಪ್ರಶ್ನೆಗೆ ಯಾವ ವಯಸ್ಸಿನ ಮಕ್ಕಳು ಉತ್ತರ ಕೊಡ್ತಾರೆ ಅಂತ ಇಲ್ಲಿನ ಮಕ್ಕಳಲ್ಲೇ ನೋಡಬೇಕು. ಹಾಗೆ ಸಿಕ್ಕಿದ ಅಳತೆಗೆ 'ಮಾನಕ' ಅಂತಾರೆ. ಹತ್ತು ವರ್ಷದ ಮಗು ಎಂಟು ವರ್ಷದವರ ಮಟ್ಟದಲ್ಲಿ ಉತ್ತರಿಸಿದರೆ ಎಂಟನ್ನು ಹತ್ತರಿಂದ ಭಾಗಿಸಿ ನೂರರಿಂದ ಗುಣಿಸಿ, ಐಕ್ಯೂ 80. ಬಿನೆ-ಕಾಮತ್ ಪರೀಕ್ಷೆ ಇವತ್ತಿಗೂ ಬಳಕೆಯಲ್ಲಿ ಉಂಟು.

ಈಗ ಮುಂಡಾಜೆಗೆ ಬನ್ನಿ. 1934ರಲ್ಲಿ ನಾವು ಮೈಸೂರಿಗೂ ಸೇರಿರಲಿಲ್ಲ, ಮುಂಬಯಿಗೂ ಸೇರಿರಲಿಲ್ಲ. ದಕ್ಷಿಣ ಕನ್ನಡ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ. ಇಲ್ಲಿನ ಒಂದು ಮಗು ಮನೆಯಲ್ಲಿ ತುಳು ಮಾತಾಡ್ತದೆ, ಇನ್ನೊಂದು ಚಿತ್ಪಾವನಿ, ಮತ್ತೊಂದು ಬ್ಯಾರಿ, ಕೊಂಕಣಿ ಅಥವಾ ಮಲಯಾಳ. ತುಂಬ ಮಕ್ಕಳಿಗೆ ಕನ್ನಡ ಅಂದರೆ ಶಾಲೆಯ ಭಾಷೆ. ಮಾತಿನ ಮೇಲೆ ನಿಂತ ಪರೀಕ್ಷೆಯಲ್ಲಿ ಅಂಥ ಮಗುವಿಗೆ ಅಂಕ ಕಡಿಮೆ ಬಂದರೆ, ಕಡಿಮೆ ಇದ್ದದ್ದು ಬುದ್ಧಿಯಾ, ಕನ್ನಡವಾ?

ಹಿಂದೆ ಅಕ್ಕಿ ಅಳೆಯುವಾಗ ಹಿರಿಯರು "ಯಾವ ಊರಿನ ಸೇರು?" ಅಂತ ಕೇಳ್ತಿದ್ದರು. ಇಲ್ಲಿಯೂ ಕೇಳಬೇಕಾದ್ದು ಅದನ್ನೇ.

ಯಾವ ಕಾಲದ ಸೇರು ಅಂತಲೂ ಕೇಳಬೇಕು. ಅಮೆರಿಕನ್ನರ ಸರಾಸರಿ ಅಂಕ 1932ರಿಂದ 1978ರೊಳಗೆ ಸುಮಾರು 14 ಏರಿತ್ತು ಅಂತ ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿದರು. ಅಂದರೆ ಹಳೇ ಮಾನಕದಲ್ಲಿ ಅಳೆದರೆ ಅಂಕ ಜಾಸ್ತಿ ಬರುವ ಸಂಭವ ಉಂಟು. ನೆರವು ಬೇಕಾದ ಮಗು 70ರ ಗೆರೆಯಿಂದ ಮೇಲೆ ಕಂಡು ಸೌಲಭ್ಯ ತಪ್ಪಬಹುದು. ಭಾಷೆ ಒಂದು ಕಡೆಗೆ ಎಳೆಯುತ್ತದೆ, ಕಾಲ ಇನ್ನೊಂದು ಕಡೆಗೆ.

ನಮ್ಮವರು ಇದಕ್ಕೆ ದಾರಿ ಹುಡುಕಲಿಲ್ಲ ಅಂತಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಜೆ. ಭರತ್ ರಾಜ್ ಅವರು ಸೆಗುಯಿನ್ ಫಾರ್ಮ್ ಬೋರ್ಡಿಗೆ ಭಾರತೀಯ ಮಕ್ಕಳ ಮಾನಕ ಮಾಡಿ 1971ರಲ್ಲಿ ಪ್ರಕಟಿಸಿದರು. ಹತ್ತು ಆಕಾರದ ಮರದ ತುಂಡುಗಳನ್ನು ಅದರದರ ಗುಂಡಿಯಲ್ಲಿ ಬೇಗ ಕೂರಿಸುವುದು. ಉತ್ತರ ಕೊಡುವುದು ಬಾಯಿ ಅಲ್ಲ, ಕೈ.

ಲೆಕ್ಕದ ಕಡೆಯಿಂದಲೂ ಒಬ್ಬರಿದ್ದಾರೆ. 1920ರಲ್ಲಿ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್. ಆಗ ಬಳ್ಳಾರಿ ಜಿಲ್ಲೆಯೂ ನಮ್ಮ ಹಾಗೆ ಮದ್ರಾಸ್ ಪ್ರಾಂತ್ಯದ್ದೇ! ಸ್ಪಿಯರ್‌ಮನ್ ಶುರು ಮಾಡಿದ ಫ್ಯಾಕ್ಟರ್ ಅನಾಲಿಸಿಸ್‌ಗೆ ಅವರು 1955ರಲ್ಲಿ 'ಸೈಕೋಮೆಟ್ರಿಕಾ' ಪತ್ರಿಕೆಯಲ್ಲಿ ಹೊಸ ವಿಧಾನ ಕೊಟ್ಟರು.

ಈಗ ಸ್ನಾತಕೋತ್ತರ ತರಗತಿಯಲ್ಲಿ ಕಲಿಯುವ ರಿಲಯಬಿಲಿಟಿ, ವ್ಯಾಲಿಡಿಟಿ, ಐಟಂ ಅನಾಲಿಸಿಸ್ ಎಲ್ಲ ಇದಕ್ಕೇ. ಇವತ್ತು ಬಂದ ಅಂಕ ನಾಳೆಯೂ ಬರ್ತದಾ? ಅಳೆಯಬೇಕಾದ್ದನ್ನೇ ಅಳೆಯುತ್ತಿದೆಯಾ? ಅಷ್ಟೇ ಸಾಮರ್ಥ್ಯದ ಇಬ್ಬರು ಮಕ್ಕಳಲ್ಲಿ ಒಂದೇ ಪ್ರಶ್ನೆ ತುಳು ಮನೆಯ ಮಗುವಿಗೆ ಮಾತ್ರ ಕಷ್ಟವಾಗ್ತದಾ? ಇದನ್ನೆಲ್ಲ ಲೆಕ್ಕ ಬಿಟ್ಟು ತಿಳಿಯುವ ದಾರಿ ಇಲ್ಲ.

ನಿಮ್ಮ ಮನೆಯ ಮಗುವಿನ ರಿಪೋರ್ಟ್ ಕೈಗೆ ಬಂದರೆ ಮೂರೇ ಪ್ರಶ್ನೆ ಕೇಳಿ: ಯಾವ ಪರೀಕ್ಷೆ? ಯಾವ ಭಾಷೆಯಲ್ಲಿ ಮಾಡಿದ್ದು? ಮಾನಕ ಯಾವ ಮಕ್ಕಳದ್ದು, ಯಾವ ಇಸವಿಯದ್ದು? ಕೇಳಲಿಕ್ಕೆ ನಾಚಿಕೆ ಬೇಡ. ಒಳ್ಳೆಯ ತಜ್ಞರು ಸಂತೋಷದಿಂದಲೇ ಉತ್ತರ ಹೇಳ್ತಾರೆ.

ಪರೀಕ್ಷೆಯ ದಿನ ನಿಮ್ಮ ಮನೆಯ ಮಗುವಿಗೆ ಯಾವ ಭಾಷೆಯಲ್ಲಿ ಪ್ರಶ್ನೆ ಕೇಳಿದ್ರು? ಕಮೆಂಟಿನಲ್ಲಿ ಬರೆಯಿರಿ. ಮಗುವಿನ ಹೆಸರು, ಅಂಕ ಮಾತ್ರ ಹಾಕಬೇಡಿ.

#ಮುಂಡಾಜೆ #ಊರಿನಚರಿತ್ರೆ #ಮನಃಶಾಸ್ತ್ರ