ಅಣ್ಣನ ಸ್ಪೀಕರುಗಳು ಮತ್ತು ಆಂಪ್ಲಿಫೈಯರಿನ ಕಥೆ



ಇತಿಹಾಸವೆಂದರೆ ರಾಜರ ಪಟ್ಟಿಯೆಂದು ತಿಳಿದು ಬೇಸರಪಡುತ್ತಿದ್ದ ನಿಮ್ಮಲ್ಲಿ ಹಲವರಿಗೆ, "ಮನೆಯಲ್ಲಿರುವ ಪ್ರತಿಯೊಂದು ವಸ್ತುವಿಗೂ ಒಂದು ಚರಿತ್ರೆಯುಂಟು" ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನೆನಪಿರಬಹುದು. ಇಂದು ಅಂತಹ ಒಂದು ವಸ್ತುವಿನ ವಿಚಾರ. ನಾನಾಗಿ ಹುಡುಕಿಕೊಂಡು ಹೋದ ವಿಷಯವಲ್ಲ ಇದು. ನಮ್ಮ ಮನೆಯಲ್ಲಿ ಆದ ಒಂದು ಸಣ್ಣ ನಷ್ಟವೇ ನನ್ನನ್ನು ಇದರ ಬಳಿಗೆ ಕರೆದೊಯ್ದಿತು.

ನನ್ನ ಅಣ್ಣ ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ಕೆಲಸದಲ್ಲಿದ್ದುದು ನೆಂಟರಿಗೆಲ್ಲ ಗೊತ್ತಿದೆ. 1954ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆಯಲ್ಲಿ 1961ರಿಂದ ರೇಡಿಯೋ ವಾಲ್ವುಗಳೂ, ಮರುವರ್ಷದಿಂದ ಜರ್ಮೇನಿಯಂ ಟ್ರಾನ್ಸಿಸ್ಟರುಗಳೂ ತಯಾರಾಗುತ್ತಿದ್ದವು. ಅಣ್ಣನಿಗೆ ಸಂಗೀತದ ಹುಚ್ಚು. ಎಂಬತ್ತರ ದಶಕದಲ್ಲಿ ಅವನು ತೇಗದ ಹಲಗೆಗಳಿಂದ ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ತಾನೇ ಮಾಡಿ, ಮಲ್ಲಿಕಾರ್ಜುನ ಮನ್ಸೂರರ ಗಾಯನವನ್ನು ರಾತ್ರಿಯೆಲ್ಲ ಕೇಳುತ್ತಿದ್ದನು. ಅವನು ತೀರಿಕೊಂಡ ಮೇಲೆ ಅತ್ತಿಗೆಯವರು ಆ ಪೆಟ್ಟಿಗೆಗಳನ್ನು ನನಗೆ ಕಳುಹಿಸಿಕೊಟ್ಟರು. ಬಹಳ ಕಾಲ ಅವು ನಮ್ಮ ನಡುಮನೆಯಲ್ಲಿ ಬಟ್ಟೆ ಹೊದ್ದುಕೊಂಡು ಸುಮ್ಮನೆ ನಿಂತಿದ್ದವು.

ಕಳೆದ ದೀಪಾವಳಿಗೆ ಮಕ್ಕಳು ಒಂದು ಹೋಂ ಥಿಯೇಟರ್ ರಿಸೀವರ್ ತಂದರು. "ದೊಡ್ಡಪ್ಪನ ಸ್ಪೀಕರುಗಳನ್ನೇ ಮುಂದೆ ಇಡೋಣ" ಎಂದು ಮಗ ತಂತಿ ಜೋಡಿಸಿದನು. ಪೆಟ್ಟಿಗೆಯ ಮೇಲೆ "ಏಳು ಚಾನಲ್, ಒಂದೊಂದಕ್ಕೂ 100 ವಾಟ್" ಎಂದು ಮುದ್ರಿತವಾಗಿತ್ತು. ಮೊದಲ ಒಂದು ಗಂಟೆ ಎಲ್ಲರಿಗೂ ಸಂಭ್ರಮ. ಅನಂತರ ಚಲನಚಿತ್ರದ ಒಂದು ಯುದ್ಧದ ದೃಶ್ಯದಲ್ಲಿ ಧ್ವನಿ ಏರಿಸಿದಾಗ ಕರ್ಕಶವಾಗಿ ಕಿರುಚಿದಂತಾಗಿ, ರಿಸೀವರ್ ತಾನಾಗಿಯೇ ಆರಿಹೋಯಿತು. ಮತ್ತೆ ಹಚ್ಚಿ ನೋಡಿದರೆ ಎಡಗಡೆಯ ಪೆಟ್ಟಿಗೆಯ ಟ್ವೀಟರ್, ಅಂದರೆ ಎತ್ತರದ ಸ್ವರಗಳನ್ನು ನುಡಿಸುವ ಚಿಕ್ಕ ಸ್ಪೀಕರ್, ಮೌನವಾಗಿತ್ತು. ಸುಟ್ಟುಹೋಗಿತ್ತು. "ಶಕ್ತಿ ಹೆಚ್ಚಾಗಿ ಸುಟ್ಟಿತು" ಎಂದು ನಾನು ಮಗನನ್ನು ಗದರಿಸಿದೆ.

ಮರುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಎಲೆಕ್ಟ್ರಾನಿಕ್ಸ್ ರಿಪೇರಿ ಅವನ ವೃತ್ತಿ. ಶಾಲೆಯಲ್ಲಿದ್ದಾಗ ಇತಿಹಾಸದಲ್ಲಿ ಮೂವತ್ತೈದು ದಾಟಿದವನಲ್ಲ. ಅವನು ಸ್ಪೀಕರನ್ನು ಪರೀಕ್ಷಿಸಿ, "ಸಾರ್, ತಪ್ಪು ತಿಳ್ಕೋಬೇಡಿ. ಇದು ಸುಟ್ಟಿದ್ದು ಪವರ್ ಜಾಸ್ತಿಯಾಗಿ ಅಲ್ಲ, ಸಾಲದೆ ಇದ್ದಿದ್ದಕ್ಕೆ" ಎಂದನು. ಸಾಲದೆ ಸುಡುವುದೆಂದರೇನು? ಈ ಪ್ರಶ್ನೆಯ ಬೆನ್ನು ಹತ್ತಿ ನಾನು ನೂರು ವರ್ಷಗಳಿಗೂ ಹಿಂದಕ್ಕೆ ಹೋಗಬೇಕಾಯಿತು.

ಕ್ಷೀಣ ದನಿಗೆ ಬಲ ಬಂದ ಬಗೆ

1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಎಂಬಾತನು ಗಾಜಿನ ಬುರುಡೆಯೊಳಗೆ ಮೂರನೆಯ ತಂತಿಯೊಂದನ್ನು ಸೇರಿಸಿ 'ಆಡಿಯಾನ್' ಎಂಬ ವಾಲ್ವನ್ನು ನಿರ್ಮಿಸಿದನು. ಅದು ಹೇಗೆ ಕೆಲಸ ಮಾಡುತ್ತದೆಂಬುದು ಆಗ ಅವನಿಗೇ ಸರಿಯಾಗಿ ತಿಳಿದಿರಲಿಲ್ಲ. ಅದರ ತತ್ತ್ವ ಸರಳವಾದುದು. ಕಾಲುವೆಯ ತೂಬನ್ನು ಒಬ್ಬ ಬಾಲಕ ತಿರುಗಿಸಿದರೂ ಹರಿಯುವ ನೀರಿನ ಬಲ ಕೆರೆಯದು. ಹಾಗೆಯೇ, ಕ್ಷೀಣವಾದ ಸಂಕೇತವು ತೂಬು ತಿರುಗಿಸುತ್ತದೆ. ಬಲವನ್ನು ಕೊಡುವುದು ಬೇರೊಂದು ವಿದ್ಯುತ್ ಮೂಲ. ಸಂಕೇತ ಬೇರೆ, ಶಕ್ತಿ ಬೇರೆ ಎಂಬ ಈ ಮಾತನ್ನು ನೆನಪಿಡಿ. ಮುಂದಿನ ಕಥೆಯೆಲ್ಲ ಇದರ ವಿಸ್ತಾರವೇ.

ಇಂತಹ ವಾಲ್ವುಗಳನ್ನು ದಾರಿಯುದ್ದಕ್ಕೂ ಬಳಸಿದ್ದರಿಂದಲೇ 1915ರ ಜನವರಿ 25ರಂದು ನ್ಯೂಯಾರ್ಕಿನಲ್ಲಿ ಕುಳಿತ ಗ್ರಹಾಂ ಬೆಲ್, ಖಂಡದ ಇನ್ನೊಂದು ತುದಿಯ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿದ್ದ ವಾಟ್ಸನ್‌ನೊಡನೆ ದೂರವಾಣಿಯಲ್ಲಿ ಮಾತನಾಡಲು ಸಾಧ್ಯವಾಯಿತು. ಬೆಲ್ ಮೂಲತಃ ಕಿವುಡ ಮಕ್ಕಳ ಶಿಕ್ಷಕ. ಧ್ವನಿಯ ಮಟ್ಟವನ್ನು ಅಳೆಯುವ ಡೆಸಿಬೆಲ್ ಎಂಬ ಮಾನ ಇಂದಿಗೂ ಆ ಮೇಷ್ಟರ ಹೆಸರನ್ನು ಹೊತ್ತಿದೆ. 1919ರ ಸೆಪ್ಟೆಂಬರ್ 19ರಂದು ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯಾಗೋದ ಕ್ರೀಡಾಂಗಣದಲ್ಲಿ, ಗಾಜಿನ ಆವರಣದೊಳಗೆ ನಿಂತು, ಸುಮಾರು 50,000 ಜನರಿಗೆ ಕೇಳುವಂತೆ ಭಾಷಣ ಮಾಡಿದರು. ನಮ್ಮ ಊರ ಜಾತ್ರೆಯ ಮೈಕ್ ಸೆಟ್ಟಿನ ಪೂರ್ವಜ ಅದು.

ದನಿ ದೊಡ್ಡದಾಯಿತು, ಶುದ್ಧವಾಗಿರಲಿಲ್ಲ. ಆ ಕೊರತೆಗೆ ಪರಿಹಾರ ಹೊಳೆದುದು 1927ರ ಆಗಸ್ಟ್ 2ರ ಬೆಳಿಗ್ಗೆ. ಹೆರಾಲ್ಡ್ ಬ್ಲ್ಯಾಕ್ ಎಂಬ ಯುವ ಎಂಜಿನಿಯರ್ ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟಿ ಕೆಲಸಕ್ಕೆ ಹೋಗುತ್ತಿದ್ದಾಗ, ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಾಳೆಯ ಮೇಲೆಯೇ ತನ್ನ ಆಲೋಚನೆಯನ್ನು ಬರೆದನು. ಹೊರಬಂದ ಧ್ವನಿಯ ಒಂದಂಶವನ್ನು ತಿರುಗುಮುರುಗಾಗಿಸಿ ಮತ್ತೆ ಆರಂಭಕ್ಕೆ ತಂದು ಸೇರಿಸುವುದು, ಇದೇ ನೆಗೆಟಿವ್ ಫೀಡ್‌ಬ್ಯಾಕ್. ಪಾಠ ಒಪ್ಪಿಸುವ ಹುಡುಗನನ್ನು ಉಪಾಧ್ಯಾಯರು ಸಾಲುಸಾಲಿಗೂ ತಿದ್ದಿದಂತೆ ಎನ್ನೋಣ. ವೇಗ ಕಡಿಮೆಯಾಗುತ್ತದೆ, ತಪ್ಪು ಅದಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ಇದು ಎಷ್ಟು ವಿಚಿತ್ರವಾಗಿ ಕಂಡಿತೆಂದರೆ, ಪೇಟೆಂಟ್ ದೊರೆಯಲು 1937ರ ಡಿಸೆಂಬರ್ ಬಂದಿತು.

ಈ ನಡುವೆ ಚಿತ್ರಮಂದಿರ ಮಾತು ಕಲಿತಿತ್ತು. 1927ರಲ್ಲಿ 'ದಿ ಜಾಝ್ ಸಿಂಗರ್', 1934ರಲ್ಲಿ ನಮ್ಮ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ'. ಆ ಕಾಲದ ಆಂಪ್ಲಿಫೈಯರುಗಳ ಬಲ ಕೆಲವೇ ವಾಟ್. ಆದರೂ ಮಂದಿರ ತುಂಬುತ್ತಿದ್ದುದು ದೊಡ್ಡ ಕಹಳೆಯಾಕಾರದ ಸ್ಪೀಕರುಗಳ ದಕ್ಷತೆಯಿಂದ. ಟೂರಿಂಗ್ ಟಾಕೀಸಿನ ಡೇರೆಯ ಮೇಲಿನ ಕಹಳೆ ಹಾಡಿದರೆ ಪಕ್ಕದ ಊರಿಗೂ ಕೇಳುತ್ತಿದ್ದುದನ್ನು ನಾನೇ ಬಲ್ಲೆ. ಸುತ್ತಲಿಂದಲೂ ಧ್ವನಿ ಬರುವಂತೆ ಮಾಡಿದ ಮೊದಲ ದೊಡ್ಡ ಪ್ರಯತ್ನ ವಾಲ್ಟ್ ಡಿಸ್ನಿಯವರ 'ಫ್ಯಾಂಟೇಸಿಯಾ', 1940. ಸಲಕರಣೆಗಳ ವೆಚ್ಚ ವಿಪರೀತವಾದುದರಿಂದ ಆ ವ್ಯವಸ್ಥೆ ಕೆಲವೇ ನಗರಗಳಿಗೆ ಸೀಮಿತವಾಯಿತು.

ಬೇರೆ ಇದ್ದವರು ಕೂಡಿದರು

1947ರಲ್ಲಿ ಇಂಗ್ಲೆಂಡಿನ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಡಿ. ಟಿ. ಎನ್. ವಿಲಿಯಮ್ಸನ್ ಎಂಬವರು ಮನೆಯಲ್ಲೇ ಕಟ್ಟಬಹುದಾದ ಆಂಪ್ಲಿಫೈಯರಿನ ವಿನ್ಯಾಸವನ್ನು ಪ್ರಕಟಿಸಿದರು. ಅದರ ಬಲ ಸುಮಾರು 15 ವಾಟ್. ಬ್ಲ್ಯಾಕ್‌ನ ಫೀಡ್‌ಬ್ಯಾಕ್ ತತ್ತ್ವದಿಂದ ಅದರ ಧ್ವನಿ ಬಹು ನಿರ್ಮಲವಾಗಿತ್ತು. ಹವ್ಯಾಸಿಗಳು ಅದನ್ನು ನೋಡಿ ತಾವೇ ಕಟ್ಟಿಕೊಂಡರು. ಆ ಕಾಲದ ಉತ್ತಮ ಸಲಕರಣೆಗಳಲ್ಲಿ ಎರಡು ಪೆಟ್ಟಿಗೆಗಳಿರುತ್ತಿದ್ದವು. ಒಂದು ಪ್ರಿಆಂಪ್ಲಿಫೈಯರ್: ಆಯ್ಕೆ ಮಾಡುವುದು, ಧ್ವನಿಯನ್ನು ಏರಿಸಿ ಇಳಿಸುವುದು ಅದರ ಕೆಲಸ. ಇನ್ನೊಂದು ಪವರ್ ಆಂಪ್ಲಿಫೈಯರ್: ಸ್ಪೀಕರನ್ನು ನಡೆಸುವ ದುಡಿಮೆ ಅದರದು. ವಾಲ್ವುಗಳ ಬಿಸಿ, ಭಾರವಾದ ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ ಇವುಗಳಿಂದ ಕ್ಷೀಣ ಸಂಕೇತವನ್ನು ದೂರವಿಡುವುದೇ ಕ್ಷೇಮವಾಗಿತ್ತು. 1953ರ ಕ್ವಾಡ್ II ಕೂಡ ಹೀಗೆಯೇ. ನಿಯಂತ್ರಣದ ಪೆಟ್ಟಿಗೆ ಬೇರೆ, 15 ವಾಟಿನ ಪವರ್ ಪೆಟ್ಟಿಗೆ ಬೇರೆ.

1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಮುಂದಿನ ಎರಡು ದಶಕಗಳಲ್ಲಿ ಬಿಸಿ, ಭಾರ, ಗಾತ್ರ ಎಲ್ಲವೂ ಕುಗ್ಗಿದವು. 1958ರಲ್ಲಿ ಸ್ಟೀರಿಯೋ ಗಾನಮುದ್ರಿಕೆ, 1961ರಲ್ಲಿ ಅಮೆರಿಕದಲ್ಲಿ ಎಫ್‌.ಎಂ. ಸ್ಟೀರಿಯೋ ಪ್ರಸಾರ ಬಂದವು. ರೇಡಿಯೋ, ಪ್ರಿಆಂಪ್, ಪವರ್ ಆಂಪ್ ಮೂರೂ ಒಂದೇ ಪೆಟ್ಟಿಗೆಯಲ್ಲಿ ಸೇರಿದ 'ರಿಸೀವರ್' ಮನೆಮಾತಾಯಿತು. ಬೇರೆ ಸಂಸಾರ ಹೂಡಿದ್ದ ಅಣ್ಣತಮ್ಮಂದಿರು ಮತ್ತೆ ಒಂದೇ ಸೂರಿನಡಿ ಬಂದಂತೆ.

ಕೂಡಿ ಬಾಳುವಾಗ ಜಂಬವೂ ಬಂದಿತು. ಕ್ಷಣಮಾತ್ರ ಹೊಮ್ಮುವ ಶಕ್ತಿಯನ್ನೇ ದೊಡ್ಡದಾಗಿ ಬರೆದು ವಾಟುಗಳ ಪೈಪೋಟಿ ನಡೆಯಿತು. ಕೊನೆಗೆ 1974ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ನಿರಂತರವಾಗಿ ಕೊಡಬಲ್ಲ ಶಕ್ತಿಯನ್ನೇ ಜಾಹೀರಾತಿನಲ್ಲಿ ತಿಳಿಸಬೇಕೆಂದು ನಿಯಮ ಮಾಡಬೇಕಾಯಿತು. ನಮ್ಮಲ್ಲಿಯೂ ತೊಂಬತ್ತರ ದಶಕದಲ್ಲಿ ಅಂಗೈಯಗಲದ ಟೇಪ್ ರೆಕಾರ್ಡರುಗಳ ಮೇಲೆ ಸಾವಿರಾರು ವಾಟ್ "ಪಿ.ಎಂ.ಪಿ.ಒ." ಎಂದು ಬರೆದಿರುತ್ತಿದ್ದುದು ನಿಮಗೆ ನೆನಪಿರಬೇಕು.

ಏಳು ಪಂಕ್ತಿಗೆ ಒಂದೇ ಒಲೆ

1982ರಲ್ಲಿ ಡಾಲ್ಬಿ ಸರೌಂಡ್ ಮನೆಗೆ ಬಂದಿತು. 1987ರಲ್ಲಿ ಪ್ರೋ ಲಾಜಿಕ್. 1997ರಲ್ಲಿ ಅಮೆರಿಕದ ಮಾರುಕಟ್ಟೆಗೆ ಡಿ.ವಿ.ಡಿ. ಬಂದ ಮೇಲೆ ಐದು ಸ್ಪೀಕರು ಮತ್ತು ಒಂದು ಸಬ್‌ವೂಫರಿನ 5.1 ಸಾಮಾನ್ಯವಾಯಿತು. 2014ರಿಂದ ಮನೆಗಳಿಗೆ ಬಂದ ಡಾಲ್ಬಿ ಅಟ್ಮಾಸ್ ತಾರಸಿಗೂ ಸ್ಪೀಕರುಗಳನ್ನು ಏರಿಸಿತು. ಎರಡು ಆಂಪ್ಲಿಫೈಯರುಗಳಿದ್ದ ರಿಸೀವರಿನಲ್ಲಿ ಐದು, ಏಳು, ಒಂಬತ್ತು ಬಂದು ಕುಳಿತವು. ಹೆಚ್ಚಿನವುಗಳಲ್ಲಿ ಅವೆಲ್ಲಕ್ಕೂ ಉಣಬಡಿಸುವ ಟ್ರಾನ್ಸ್‌ಫಾರ್ಮರ್ ಮಾತ್ರ ಒಂದೇ.

ನನ್ನ ವಿದ್ಯಾರ್ಥಿ ನನಗೆ ಕಾಗದದ ಮೇಲೆ ಲೆಕ್ಕ ಮಾಡಿಸಿದನು. ಏಳು ಚಾನಲ್, ತಲಾ 100 ವಾಟ್ ಎಂದರೆ 700 ವಾಟ್. ಇಂತಹ ಆಂಪ್ಲಿಫೈಯರಿನ ದಕ್ಷತೆ ಪೂರ್ಣ ಬಲದಲ್ಲಿ ಶೇಕಡಾ 60 ಎಂದು ಹಿಡಿದರೂ, ಗೋಡೆಯಿಂದ ಸುಮಾರು 1,170 ವಾಟ್ ಎಳೆಯಬೇಕು. ನಮ್ಮ ರಿಸೀವರಿನ ಬೆನ್ನಿನ ಮೇಲೆ ಬರೆದಿದ್ದುದು 480 ವಾಟ್! ಹಾಗೆಂದು ಮುಂದಿನ 100 ಪೂರ್ಣ ಸುಳ್ಳೂ ಅಲ್ಲ. ಅದು ಎರಡೇ ಚಾನಲುಗಳನ್ನು ನಡೆಸಿ ಅಳೆದ ಸಂಖ್ಯೆ ಎಂದು ಸಣ್ಣಕ್ಷರದಲ್ಲಿ ಬರೆದಿತ್ತು.

ಎರಡನೆಯ ಅಂಶ ಸ್ಪೀಕರಿನ ಓಮ್. ರಿಸೀವರ್ 8 ಓಮಿಗೆಂದು ಮಾಡಿದುದು. ಅಣ್ಣನ ಸ್ಪೀಕರುಗಳು 4 ಓಮ್. 20 ವೋಲ್ಟ್ ಕೊಟ್ಟರೆ 8 ಓಮಿನಲ್ಲಿ ಹರಿಯುವುದು ಎರಡೂವರೆ ಆಂಪಿಯರ್, 4 ಓಮಿನಲ್ಲಿ ಐದು. ಅಷ್ಟನ್ನು ಒದಗಿಸಲಾರದೆ ಆಂಪ್ಲಿಫೈಯರ್ ಸೋತಾಗ ಧ್ವನಿಯಲೆಯ ತಲೆ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಇದನ್ನು ಕ್ಲಿಪಿಂಗ್ ಎನ್ನುತ್ತಾರೆ. ಹಾಗೆ ಚಪ್ಪಟೆಯಾದ ಅಲೆಯಲ್ಲಿ ಮೂಲದಲ್ಲಿಲ್ಲದ ಎತ್ತರದ ಸ್ವರಗಳು ಹುಟ್ಟಿ, ಅವು ನೇರವಾಗಿ ಬಡಪಾಯಿ ಟ್ವೀಟರಿನ ಪಾಲಾಗುತ್ತವೆ. ನಾವು ಧ್ವನಿ ಏರಿಸಿದಷ್ಟೂ ಆ ಭಾರ ಬೆಳೆಯುತ್ತದೆ. ಸಾಲದೆ ಸುಡುವುದೆಂದರೆ ಇದು.

ಆದುದರಿಂದಲೇ ಜನ ಮತ್ತೆ ಹಳೆಯ ದಾರಿಗೆ ಮರಳಿದ್ದಾರೆ. ರಿಸೀವರ್ ತಲೆಯ ಕೆಲಸ ಮಾಡಲಿ: ಆಯ್ಕೆ, ಡಾಲ್ಬಿಯ ಬಿಡಿಸುವಿಕೆ, ಕೋಣೆಗೆ ತಕ್ಕ ಹೊಂದಾಣಿಕೆ. ತೋಳಿನ ಕೆಲಸವನ್ನು ಹೊರಗಿನ ಪವರ್ ಆಂಪ್ಲಿಫೈಯರ್ ವಹಿಸಲಿ. ಇದಕ್ಕೆ ರಿಸೀವರಿನ ಬೆನ್ನಿನಲ್ಲಿ ಪ್ರಿ-ಔಟ್ ಎಂಬ ಕಿಂಡಿಗಳಿರಬೇಕು. ಅಗ್ಗದ ಕೆಲವು ಮಾದರಿಗಳಲ್ಲಿ ಸಬ್‌ವೂಫರಿಗೆ ಮಾತ್ರ ಇರುತ್ತದೆ. ಕೊಳ್ಳುವಾಗ ಹಿಂಬದಿಯನ್ನೇ ಮೊದಲು ನೋಡಿ. ನಮ್ಮದರಲ್ಲಿ ಅದೃಷ್ಟಕ್ಕೆ ಎಲ್ಲವೂ ಇದ್ದವು. ಎಡ, ಬಲ, ನಡು ಈ ಮೂರಕ್ಕೆ ಮಾತ್ರ, 4 ಓಮನ್ನು ತಾಳಬಲ್ಲ ಮೂರು ಚಾನಲಿನ ಆಂಪ್ಲಿಫೈಯರೊಂದನ್ನು ತಂದೆವು. ಹಿಂದಿನ ಚಿಕ್ಕ ಸ್ಪೀಕರುಗಳನ್ನು ರಿಸೀವರೇ ನೋಡಿಕೊಳ್ಳುತ್ತದೆ. ಅದರ ಹೊರೆಯೂ ಇಳಿಯಿತು.

ನೀವೂ ಇಂತಹ ಯೋಚನೆಯಲ್ಲಿದ್ದರೆ ಕೆಲವು ಮಾತು. ಬರಿಯ ಅಬ್ಬರಕ್ಕಾಗಿ ಕೊಳ್ಳಬೇಡಿ. ವಾಟ್ ಇಮ್ಮಡಿಯಾದರೆ ಧ್ವನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿಯೆನಿಸಬೇಕಾದರೆ ಸುಮಾರು ಹತ್ತು ಪಟ್ಟು ಬಲ ಬೇಕು. ಚಿಕ್ಕ ಕೋಣೆ, ದಕ್ಷ ಸ್ಪೀಕರು, ಮಿತವಾದ ಧ್ವನಿ ಇದ್ದವರಿಗೆ ರಿಸೀವರೊಂದೇ ಸಾಕು. ಹಳೆಯ ಮನೆಯ 5 ಆಂಪಿನ ಪ್ಲಗ್ಗಿಗೆ ಎಲ್ಲವನ್ನೂ ತೂಗುಹಾಕಬೇಡಿ. ನಾವು ಎಲೆಕ್ಟ್ರಿಷಿಯನ್ನನ್ನು ಕರೆಸಿ, ಸರಿಯಾದ ಅರ್ಥ್ ಇರುವ 15 ಆಂಪಿನ ಬೇರೆ ಲೈನ್ ಎಳೆಸಿದೆವು. ಎರಡು ಪೆಟ್ಟಿಗೆಗಳಿಗೂ ಅದೇ ಅರ್ಥ್ ಇದ್ದರೆ ಗುಂಯ್‌ಗುಡುವ ಸಂಭವ ಕಡಿಮೆ. ಹಚ್ಚುವಾಗ ಆಂಪ್ಲಿಫೈಯರ್ ಕೊನೆಗೆ, ಆರಿಸುವಾಗ ಮೊದಲಿಗೆ. ಜೋಡಣೆ ಮುಗಿದ ಮೇಲೆ ರಿಸೀವರಿನ ಮೈಕ್ ಇಟ್ಟು ಮಟ್ಟಗಳನ್ನು ಹೊಸದಾಗಿ ಹೊಂದಿಸಿ.

ಸುಟ್ಟ ಟ್ವೀಟರಿಗೆ ಅದರದೇ ಜೋಡಿ ಸಿಗಲಿಲ್ಲ. ನನ್ನ ವಿದ್ಯಾರ್ಥಿ ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ಎರಡು ದಿನ ಅಲೆದು, ಹತ್ತಿರದ ಲಕ್ಷಣದ ಒಂದನ್ನು ತಂದು ಕೂಡಿಸಿದನು. ಕೂಲಿ ತೆಗೆದುಕೊಳ್ಳಲಿಲ್ಲ. ಹೊರಡುವಾಗ ನಾನು, "ಏನಪ್ಪಾ, ನಿನಗೆ ಪಾಠ ಹೇಳುವಾಗ ನಾನು ಬಹಳ ಕೂಗಾಡುತ್ತಿದ್ದೆ, ಅಲ್ಲವೇ?" ಎಂದೆ. "ಹೌದು ಸಾರ್, ಮೊದಲ ವರ್ಷ" ಎಂದು ನಕ್ಕನು. ನಿಜ. ಬಿ.ಎಡ್. ಮುಗಿಸಿ ಬಂದ ಹೊಸತರಲ್ಲಿ ನನ್ನಲ್ಲಿ ವಿಷಯದ ದಾಸ್ತಾನು ಕಡಿಮೆ, ಧ್ವನಿ ಹೆಚ್ಚು. ಒಂದು ದಿನ, ಪ್ರಶ್ನೆ ಕೇಳಿದನೆಂಬ ಕಾರಣಕ್ಕೆ ಇದೇ ಹುಡುಗನನ್ನು ಹೊರಗೆ ನಿಲ್ಲಿಸಿದ್ದೆ. ಉತ್ತರ ನನಗೆ ಗೊತ್ತಿರಲಿಲ್ಲ. ಅವನು ಮರೆತಿದ್ದಾನೋ ಇಲ್ಲವೋ ನಾನು ಕೇಳಲಿಲ್ಲ. ಇಲ್ಲಿ ಬರೆದಿದ್ದೇನೆ, ಅವನೂ ಈ ಪುಟವನ್ನು ಓದುತ್ತಾನೆ.

ಆ ಸಂಜೆ ಮನ್ಸೂರರ ಧ್ವನಿಮುದ್ರಿಕೆಯೊಂದನ್ನು ಹಾಕಿದೆವು. ಅತ್ತಿಗೆಯವರೂ ಬಂದಿದ್ದರು. ಧ್ವನಿ ದೊಡ್ಡದಾಗಿಯೇನೂ ಇರಲಿಲ್ಲ, ನಿರಾಯಾಸವಾಗಿತ್ತು. ಕಿವಿಗೊಟ್ಟು ಕೇಳಿದರೆ ಎಡಕ್ಕೂ ಬಲಕ್ಕೂ ಈಗ ಒಂದು ಎಳೆಯಷ್ಟು ಭೇದವುಂಟು. ಅತ್ತಿಗೆಯವರು ಏನೂ ಹೇಳದೆ, ಕುರ್ಚಿಯನ್ನು ಬಲಗಡೆಯ ಪೆಟ್ಟಿಗೆಯ ಕಡೆಗೆ ಸ್ವಲ್ಪ ಸರಿಸಿಕೊಂಡು ಕುಳಿತರು.